ಉಳಿಸಿದ ಅರ್ಧ ಗಂಟೆ

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ಸಿಕ್ಕಿದ ರಜೆಯನ್ನು ನಾನು ಮಾವನ ವಿಡಿಯೊ ಸ್ಟುಡಿಯೊದಲ್ಲಿ ಕಳೆದೆ. ಸ್ಟುಡಿಯೊ ಎಂದರೆ ದೊಡ್ಡದೇನಲ್ಲ. ಪೇಟೆಯ ಹಳೆಯ ಕಟ್ಟಡದ ಮಹಡಿಯಲ್ಲಿ ಒಂದು ಕೋಣೆ, ಒಂದು ಕಂಪ್ಯೂಟರ್, ಎರಡು ಕ್ಯಾಮೆರಾ. ಮದುವೆ ಸೀಸನ್‌ನಲ್ಲಿ ಇನ್ನೊಬ್ಬ ಕ್ಯಾಮೆರಾದವರನ್ನು ದಿನದ ಲೆಕ್ಕಕ್ಕೆ ಕರೆಸುತ್ತಿದ್ದರು. ಆ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಊರಿನಲ್ಲಿ ಮದುವೆಯಿಲ್ಲದ ಭಾನುವಾರವೇ ಇರಲಿಲ್ಲ.

ಕಂಪ್ಯೂಟರಿನಲ್ಲಿ ತಲಾ 2 ಟೆರಾಬೈಟ್‌ನ ಎರಡು ಹಾರ್ಡ್ ಡಿಸ್ಕ್‌ಗಳಿದ್ದವು. ಒಂದರಲ್ಲಿ ಕೆಲಸ, ಇನ್ನೊಂದರಲ್ಲಿ ಅದರ ನಕಲು. ಮದುವೆಯಿಂದ ಬಂದ ರಾತ್ರಿ ಎಷ್ಟೇ ದಣಿದಿದ್ದರೂ ಮಾವ ಮೆಮೊರಿ ಕಾರ್ಡುಗಳನ್ನು ಮೊದಲನೆಯ ಡಿಸ್ಕಿಗೆ ಇಳಿಸಿ, ಅಲ್ಲಿಂದ ಎರಡನೆಯದಕ್ಕೆ ನಕಲು ಮಾಡಿಯೇ ಮನೆಗೆ ಹೋಗುತ್ತಿದ್ದರು. ಒಂದು ಮದುವೆಗೆ ಎಲ್ಲ ಕ್ಯಾಮೆರಾ ಸೇರಿ ಸುಮಾರು ಆರು ಗಂಟೆಯ ದೃಶ್ಯ. ನಮ್ಮ ಕ್ಯಾಮೆರಾ 4ಕೆ ವಿಡಿಯೊವನ್ನು ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಬರೆಯುತ್ತದೆ. 8 ಬಿಟ್‌ಗೆ ಒಂದು ಬೈಟ್. ಅಂದರೆ ಸೆಕೆಂಡಿಗೆ 12.5 ಮೆಗಾಬೈಟ್, ಗಂಟೆಗೆ 45 ಗಿಗಾಬೈಟ್, ಆರು ಗಂಟೆಗೆ 270 ಗಿಗಾಬೈಟ್. ಸೆಕೆಂಡಿಗೆ 150 ಮೆಗಾಬೈಟ್ ಬರೆಯುವ ಡಿಸ್ಕಿಗೆ ಇದನ್ನು ನಕಲು ಮಾಡಲು 1,800 ಸೆಕೆಂಡು ಬೇಕು. ಸರಿಯಾಗಿ ಅರ್ಧ ಗಂಟೆ.

ಆ ಅರ್ಧ ಗಂಟೆ ನನಗೆ ದಂಡ ಅನ್ನಿಸುತ್ತಿತ್ತು. ಜೊತೆಗೆ ಎಡಿಟಿಂಗ್ ಮಾಡುವಾಗ ಮೂರು ಕ್ಯಾಮೆರಾದ ದೃಶ್ಯ ಒಟ್ಟಿಗೆ ಓಡಿಸಿದರೆ ಪರದೆ ತಡೆದು ತಡೆದು ಸಾಗುತ್ತಿತ್ತು. ಡಿಸ್ಕ್ ನಿಧಾನ, ಅದಕ್ಕೇ ಹೀಗೆ ಎಂದು ನಾನು ತೀರ್ಮಾನಿಸಿದೆ. ಎರಡು ಡಿಸ್ಕ್‌ಗಳನ್ನು ಜೋಡಿಸಿ ಒಂದೇ ಡಿಸ್ಕಿನಂತೆ ಬಳಸುವ 'ರೇಡ್ 0' ಎಂಬ ವಿಧಾನವನ್ನು ಯಾವುದೋ ವಿಡಿಯೊದಲ್ಲಿ ನೋಡಿದ್ದೆ. ಪ್ರತಿ ಫೈಲನ್ನೂ ತುಂಡು ತುಂಡು ಮಾಡಿ, ಒಂದು ತುಂಡು ಈ ಡಿಸ್ಕಿಗೆ, ಮುಂದಿನದು ಆ ಡಿಸ್ಕಿಗೆ ಬರೆಯುವುದು ಅದರ ಕ್ರಮ. ಎರಡೂ ಏಕಕಾಲಕ್ಕೆ ಕೆಲಸ ಮಾಡುವುದರಿಂದ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಮಾವನನ್ನು ಒಪ್ಪಿಸಿ ಒಂದು ಮಧ್ಯಾಹ್ನ ಕೂತು ಜೋಡಿಸಿಬಿಟ್ಟೆ. "ನಕಲು?" ಎಂದು ಮಾವ ಕೇಳಿದರು. "ಹೊಸ ಡಿಸ್ಕ್ ತಂದ ಮೇಲೆ ಮಾಡೋಣ" ಎಂದೆ. ಸೀಸನ್‌ನ ಗಡಿಬಿಡಿಯಲ್ಲಿ ಹೊಸ ಡಿಸ್ಕ್ ಬರಲೇ ಇಲ್ಲ. ಕಾರ್ಡುಗಳು ಬೇಗ ಇಳಿಯುತ್ತಿದ್ದವು. ಮರುದಿನದ ಮದುವೆಗೆ ಬೇಕೆಂದು ಅವನ್ನು ನಾನೇ ಅಳಿಸಿ ಕೊಡುತ್ತಿದ್ದೆ.

ಜೂನ್ ಕೊನೆಗೆ, ನಾನು ಈ ಕಾಲೇಜಿಗೆ ಸೇರಿ ಕೆಲವೇ ದಿನವಾಗಿದ್ದಾಗ, ಮಾವನ ಫೋನ್ ಬಂತು. ಕಂಪ್ಯೂಟರಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದೆ, ಡಿಸ್ಕ್ ಕಾಣಿಸುತ್ತಿಲ್ಲ ಎಂದರು. ಸಂಜೆ ಹೋಗಿ ನೋಡಿದೆ. ಎರಡರಲ್ಲಿ ಒಂದು ಡಿಸ್ಕ್ ಕೆಟ್ಟಿತ್ತು. ಇನ್ನೊಂದು ಚೆನ್ನಾಗಿಯೇ ಇತ್ತು, ಆದರೆ ಅದರಲ್ಲಿದ್ದದ್ದು ಎಲ್ಲ ಫೈಲುಗಳ ಅರ್ಧರ್ಧ ತುಂಡು. ಪುಸ್ತಕದಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲು ಹರಿದುಹಾಕಿದಂತೆ. ಡೇಟಾ ಮರಳಿ ತೆಗೆಯುವವರ ಬಳಿಗೂ ಒಯ್ದೆವು. ಆಗುವುದಿಲ್ಲ ಎಂದು ವಾಪಸು ಕಳಿಸಿದರು.

ಹೆಚ್ಚಿನ ಮದುವೆಗಳ ವಿಡಿಯೊ ಅಷ್ಟರಲ್ಲಿ ಕೊಟ್ಟಾಗಿತ್ತು. ಒಂದು ಉಳಿದಿತ್ತು. ಆ ಮದುವೆಯಲ್ಲಿ ಮದುಮಗಳ ಅಜ್ಜನನ್ನು ಕುರ್ಚಿಯಲ್ಲಿ ಕೂರಿಸಿ ಹಾಲಿಗೆ ಎತ್ತಿ ತಂದಿದ್ದರು. ಅವರು ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ದುಆ ಮಾಡಿದ್ದರು. ಮದುವೆಯಾಗಿ ಮೂರು ವಾರಕ್ಕೆ ತೀರಿಕೊಂಡರು. ಮನೆಯವರು ವಿಡಿಯೊಕ್ಕಾಗಿ ಎರಡು ಸಲ ಫೋನ್ ಮಾಡಿದ್ದರು.

ಮಾವ ನನ್ನನ್ನು ಕರೆದುಕೊಂಡೇ ಅವರ ಮನೆಗೆ ಹೋದರು. ತೆಗೆದುಕೊಂಡ ಮುಂಗಡವನ್ನು ಟೀಪಾಯಿ ಮೇಲೆ ಇಟ್ಟು, "ನನ್ನಿಂದ ಹೋಯಿತು" ಎಂದರು. ನನ್ನ ಹೆಸರೆತ್ತಲಿಲ್ಲ. ಮದುಮಗಳ ತಂದೆ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ. "ಒಂದು ನಿಮಿಷದ್ದೂ ಇಲ್ವಾ?" ಎಂದಷ್ಟೇ ಕೇಳಿದರು. ದಾರಿಯಲ್ಲಿ ಮಾವ ಒಂದೇ ಮಾತು ಹೇಳಿದರು. "ಜನ ನಮಗೆ ಕೊಡೋದು ಬರೀ ಕೆಲಸ ಅಲ್ಲ, ಅಮಾನತ್ತು." ಪತ್ರಿಕೆಗಳಲ್ಲಿ ಅಮಾನತು ಎಂದರೆ ನೌಕರಿಯಿಂದ ತಾತ್ಕಾಲಿಕವಾಗಿ ತೆಗೆಯುವುದು. ನಮ್ಮ ಮನೆಮಾತಿನಲ್ಲಿ ನಂಬಿ ಒಪ್ಪಿಸಿದ ವಸ್ತು.

ಆಮೇಲೆ ನಾನು ಲೆಕ್ಕ ಹಾಕಿದೆ. ಅದನ್ನು ಮೊದಲೇ ಹಾಕಬೇಕಿತ್ತು. ಒಂದು ಡಿಸ್ಕ್ ವರ್ಷದೊಳಗೆ ಕೆಡುವ ಸಂಭವ 100ಕ್ಕೆ 5 ಎಂದುಕೊಳ್ಳೋಣ. ರೇಡ್ 0ರಲ್ಲಿ ಎರಡೂ ಉಳಿದರೆ ಮಾತ್ರ ಡೇಟಾ ಉಳಿಯುತ್ತದೆ. 0.95 × 0.95 = 0.9025. ಅಂದರೆ ಕಳೆದುಕೊಳ್ಳುವ ಸಂಭವ 9.75%. ಅದೇ ಎರಡು ಡಿಸ್ಕ್‌ಗಳಲ್ಲಿ ಒಂದರ ನಕಲು ಇನ್ನೊಂದರಲ್ಲಿದ್ದರೆ ಎರಡೂ ಕೆಡಬೇಕು. 0.05 × 0.05, ಅಂದರೆ 0.25%. ಡಿಸ್ಕುಗಳು ಅವೇ, ಜೋಡಿಸಿದ ಬಗೆ ಬೇರೆ, ಅಪಾಯದಲ್ಲಿ 39 ಪಟ್ಟು ವ್ಯತ್ಯಾಸ. ರೇಡ್ ಕಲ್ಪನೆಯನ್ನು 1988ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ಒಂದು ಪ್ರಬಂಧದಲ್ಲಿ ಮಂಡಿಸಿದರು. ಅದರಲ್ಲಿ 1ರಿಂದ 5ರವರೆಗಿನ ಹಂತಗಳಿವೆ, 0 ಇಲ್ಲ. ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯಬೇಕೆಂಬುದೇ ಅವರ ಯೋಚನೆಯಾಗಿತ್ತು. ಆ ರಕ್ಷಣೆ ಸೊನ್ನೆಯಾಗಿರುವುದರಿಂದಲೇ ಇದು ರೇಡ್ 0.

ಇನ್ನೊಂದು ಲೆಕ್ಕ ಹೆಚ್ಚು ನಾಚಿಕೆ ತಂದಿತು. ಮೂರು ಕ್ಯಾಮೆರಾದ ದೃಶ್ಯ ಒಟ್ಟಿಗೆ ಓಡಲು ಬೇಕಾದುದು 12.5 × 3, ಅಂದರೆ ಸೆಕೆಂಡಿಗೆ 37.5 ಮೆಗಾಬೈಟ್. ಹಳೆಯ ಡಿಸ್ಕ್ ಒಂದೇ 150 ಕೊಡುತ್ತಿತ್ತು! ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು ಹಿಡಿಯುತ್ತದೆ. ಮೂರು ಫೈಲುಗಳ ನಡುವೆ ಅದರ ತಲೆ ಅತ್ತಿತ್ತ ಓಡಬೇಕಾಗುವುದರಿಂದ ಸ್ವಲ್ಪ ವೇಗ ತಗ್ಗುತ್ತದೆ, ನಿಜ. ಆದರೆ ಮುಖ್ಯ ತೊಡಕು ಡಿಸ್ಕಿನದಲ್ಲ. ಒತ್ತಿ ಚಿಕ್ಕದಾಗಿಸಿದ 4ಕೆ ವಿಡಿಯೊವನ್ನು ಬಿಡಿಸಲು ನಮ್ಮ ಹಳೆಯ ಪ್ರೊಸೆಸರ್ ಏದುಸಿರು ಬಿಡುತ್ತಿತ್ತು. ದೃಶ್ಯಗಳ ಸಣ್ಣ ಪ್ರತಿ, ಅಂದರೆ ಪ್ರಾಕ್ಸಿ ಮಾಡಿಕೊಂಡು ಎಡಿಟ್ ಮಾಡಿ, ಕೊನೆಗೆ ಮೂಲ ದೃಶ್ಯ ಸೇರಿಸಿಕೊಂಡಿದ್ದರೆ ಒಂದೇ ಡಿಸ್ಕಿನಲ್ಲಿ ಕೆಲಸ ಸಾಗುತ್ತಿತ್ತು. ಬೇಡವಾಗಿದ್ದ ವೇಗಕ್ಕಾಗಿ ಬೇಕಾಗಿದ್ದ ನಕಲನ್ನು ನಾನು ಕೊಟ್ಟುಬಿಟ್ಟಿದ್ದೆ.

ಹಾಗಾದರೆ ವೇಗ ಬೇಡವೇ? ಬೇಕು. ಎಲ್ಲಿ ಎಂಬುದಷ್ಟೇ ಪ್ರಶ್ನೆ. ಈಗ ಸ್ಟುಡಿಯೊದಲ್ಲಿ ಪ್ರತಿ ಫೈಲಿನ ಬಗ್ಗೆಯೂ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇವೆ: ಇದು ಹೋದರೆ ಮತ್ತೆ ಮಾಡಬಹುದೇ? ಪ್ರಾಕ್ಸಿ, ತಾತ್ಕಾಲಿಕ ಫೈಲುಗಳನ್ನು ಮತ್ತೆ ಮಾಡಬಹುದು. ಅವು ವೇಗದ ಎಸ್‌ಎಸ್‌ಡಿಯಲ್ಲಿರುತ್ತವೆ. ಕ್ಯಾಮೆರಾದ ಮೂಲ ದೃಶ್ಯವನ್ನು ಮತ್ತೆ ಮಾಡಲಾಗದು. ಅದು ಎರಡು ಸಾಧಾರಣ ಹಾರ್ಡ್ ಡಿಸ್ಕ್‌ಗಳಲ್ಲಿ ಇರುತ್ತದೆ, ಮೂರನೆಯ ಪ್ರತಿ ಮಾವನ ಮನೆಯ ಕಪಾಟಿನಲ್ಲಿ. ಎರಡು ಕಡೆ ತೆರೆದು ನೋಡಿದ ಮೇಲೆಯೇ ಕಾರ್ಡ್ ಅಳಿಸುವುದು.

ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವಿಲ್ಲ, ಹಾಗಾಗಿ ಕೆಡುವುದೇ ಇಲ್ಲ ಎಂದು ಕೆಲವು ಗೆಳೆಯರು ಹೇಳುತ್ತಾರೆ. ಬಿದ್ದರೆ, ಅಲುಗಿದರೆ ಅದು ಹೆಚ್ಚು ತಡೆದುಕೊಳ್ಳುತ್ತದೆ. ಆದರೆ ಕೆಡುವಾಗ ಸದ್ದಿಲ್ಲದೆ ಒಮ್ಮೆಲೇ ಕೆಡಬಹುದು. ವಿದ್ಯುತ್ ಸಂಪರ್ಕವಿಲ್ಲದೆ ಬಹಳ ಕಾಲ ಇಟ್ಟರೆ ಅದರ ಕೋಶಗಳಲ್ಲಿನ ವಿದ್ಯುದಂಶ ಸೋರಿ ಡೇಟಾ ಅಳಿಯಬಹುದು. ಡಬ್ಬಿಯ ಮೇಲೆ ಬರೆದ ವೇಗವೂ ಎಲ್ಲ ಹೊತ್ತಿನದಲ್ಲ. ಅಗ್ಗದ ಎಸ್‌ಎಸ್‌ಡಿಗೆ ನೂರಾರು ಗಿಗಾಬೈಟ್ ಒಟ್ಟಿಗೆ ಬರೆಯತೊಡಗಿದರೆ ಮೊದಲು ಓಡಿ, ಅದರ ಕ್ಯಾಶ್ ತುಂಬಿದೊಡನೆ ತೆವಳುತ್ತದೆ. ವಿಡಿಯೊ ಕೆಲಸದಲ್ಲಿ ಆಗುವುದು ಇದೇ.

ದೊಡ್ಡವರಿಗೂ ಹೀಗಾಗಿದೆ. 1998ರಲ್ಲಿ ಪಿಕ್ಸಾರ್ ಸಂಸ್ಥೆಯಲ್ಲಿ 'ಟಾಯ್ ಸ್ಟೋರಿ 2' ಚಿತ್ರದ ಫೈಲುಗಳ ಬಹುಭಾಗ ಒಂದು ತಪ್ಪು ಆದೇಶದಿಂದ ಅಳಿದುಹೋಯಿತು. ಬ್ಯಾಕಪ್ ಕೈಕೊಟ್ಟಿತ್ತು. ಮಗು ಹುಟ್ಟಿದ್ದರಿಂದ ಮನೆಯಲ್ಲೇ ಕೆಲಸ ಮಾಡುತ್ತಿದ್ದ ಗಾಲಿನ್ ಸಸ್ಮನ್ ಎಂಬವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಸಿಕ್ಕಿತು.

ನಮಗೂ ಒಂದು ಚೂರು ಸಿಕ್ಕಿತು. ದಿನದ ಲೆಕ್ಕಕ್ಕೆ ಬಂದಿದ್ದ ಕ್ಯಾಮೆರಾದವರು ತಮ್ಮ ಒಂದು ಹಳೆಯ ಕಾರ್ಡನ್ನು ಅಳಿಸದೆ ಚೀಲದಲ್ಲೇ ಇಟ್ಟಿದ್ದರು. ಅದರಲ್ಲಿ ಆ ಮದುವೆಯ ಹನ್ನೊಂದು ನಿಮಿಷ ಇತ್ತು. ಹಾಲಿನ ಹಿಂಬದಿಯಿಂದ ತೆಗೆದದ್ದು. ಅಜ್ಜನ ಮುಖ ಕಾಣುವುದಿಲ್ಲ. ಬಿಳಿ ಟೊಪ್ಪಿ, ಬಾಗಿದ ಬೆನ್ನು, ಮೊಮ್ಮಗಳ ತಲೆಯ ಮೇಲೆ ಹೋದ ಕೈ ಮಾತ್ರ ಕಾಣುತ್ತವೆ. ಅದನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ನಾನೇ ಒಯ್ದು ಕೊಟ್ಟೆ. ಮದುಮಗಳ ತಂದೆ ಮೂರು ಸಲ ನೋಡಿದರು. "ಇಷ್ಟಾದರೂ ಸಿಕ್ಕಿತಲ್ಲ" ಎಂದರು. ತಪ್ಪು ಯಾರದೆಂದು ಆ ದಿನ ನಾನೇ ಅವರಿಗೆ ಹೇಳಿದೆ.

ವಾರ್ಷಿಕೋತ್ಸವದ ವಿಡಿಯೊ, ಪ್ರಾಜೆಕ್ಟು, ಮನೆಯ ಹಿರಿಯರ ಮಾತು, ಇವೆಲ್ಲ ನಮ್ಮ ನಿಮ್ಮ ಫೋನಿನಲ್ಲಿ ಒಂದೇ ಪ್ರತಿಯಾಗಿ ಕೂತಿವೆ. ಇಂದು ಸಂಜೆ ಅದರಲ್ಲಿ ಮತ್ತೆ ಸಿಗಲಾರದ ಒಂದನ್ನು ಆರಿಸಿ, ಇನ್ನೊಂದು ಕಡೆ ನಕಲು ಮಾಡಿ, ತೆರೆದು ನೋಡಿ. ಅರ್ಧ ಗಂಟೆ ಹಿಡಿದರೆ ಹಿಡಿಯಲಿ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿ