ಹನಿಯ ಲೆಕ್ಕ

ಮನೆಯೊಳಗಿನ ಉಪಕರಣಗಳಲ್ಲಿ ನಲ್ಲಿಯಷ್ಟು ವಿಧೇಯವಾದುದು ಮತ್ತೊಂದಿಲ್ಲ. ಒಂದು ಕಡೆಗೆ ತಿರುಗಿಸಿದರೆ ನೀರು ಕೊಡುತ್ತದೆ. ಇನ್ನೊಂದು ಕಡೆಗೆ ತಿರುಗಿಸಿದರೆ ಮೌನ ತಾಳುತ್ತದೆ. ಹಬ್ಬವೆಂದು ರಜೆ ಬೇಡುವುದಿಲ್ಲ, ಅಪರಾತ್ರಿಯೆಂದು ಗೊಣಗುವುದಿಲ್ಲ. ಬಹುಶಃ ಆ ಕಾರಣದಿಂದಲೇ ಮನೆಮಂದಿಯ ಗಮನ ಅದರತ್ತ ಹರಿಯುವುದು ಅಪರೂಪ. ಅದು ತನ್ನ ಕರ್ತವ್ಯದಲ್ಲಿ ತಪ್ಪಿದಾಗ ಮಾತ್ರ ಅದರ ಇರವು ಎಲ್ಲರ ಅರಿವಿಗೆ ಬರುತ್ತದೆ.

ಬಾವಿಯಿಂದ ನೀರು ಸೇದುತ್ತಿದ್ದ ಕಾಲದಲ್ಲಿ ಸ್ಥಿತಿ ಹೀಗಿರಲಿಲ್ಲ. ಪ್ರತಿಯೊಂದು ಕೊಡಕ್ಕೂ ತೋಳು ನೋಯುತ್ತಿತ್ತು. ಹಗ್ಗ ಅಂಗೈಯನ್ನು ಉಜ್ಜುತ್ತಿತ್ತು. ರಾಟೆಯ ಕಿರುಗುಟ್ಟುವ ಸದ್ದು ನೀರಿನ ಬೆಲೆಯನ್ನು ಸಾರಿ ಹೇಳುತ್ತಿತ್ತು. ಸೇದಿ ತಂದ ನೀರನ್ನು ಚೆಲ್ಲಿದ ಮಗುವಿಗೆ ಬೈಗುಳ ತಪ್ಪುತ್ತಿರಲಿಲ್ಲ. ನಲ್ಲಿ ಬಂದಮೇಲೆ ಶ್ರಮ ಕಣ್ಮರೆಯಾಯಿತು. ಶ್ರಮದೊಡನೆ ಬೆಲೆಯೂ ಕಣ್ಮರೆಯಾಯಿತು. ಮಿತಿಮೀರಿ ವೆಚ್ಚ ಮಾಡುವವನನ್ನು ಕುರಿತು ‘ಹಣವನ್ನು ನೀರಿನಂತೆ ಖರ್ಚು ಮಾಡುತ್ತಾನೆ’ ಎನ್ನುವ ಮಾತು ಕನ್ನಡದಲ್ಲಿ ಇಂದಿಗೂ ಬಳಕೆಯಲ್ಲಿದೆ. ನೀರಿಗೆ ಲೆಕ್ಕವಿಡಬೇಕಾಗಿಲ್ಲವೆಂಬ ನಂಬಿಕೆಯೇ ಆ ಮಾತಿನ ತಳಹದಿ.

ಬಹುಮಹಡಿ ಕಟ್ಟಡದ ಫ್ಲ್ಯಾಟಿನಲ್ಲಿ ಈ ನಂಬಿಕೆ ಬಹುಕಾಲ ನಿಲ್ಲುವುದಿಲ್ಲ. ಅಲ್ಲಿ ಒಬ್ಬರ ಮನೆಯ ನೆಲವೇ ಮತ್ತೊಬ್ಬರ ಮನೆಯ ಸೂರು. ನೀರು ತರುವ ಕೊಳವೆ, ಬಳಸಿದ ನೀರನ್ನು ಸಾಗಿಸುವ ಕೊಳವೆ, ಎರಡೂ ಗೋಡೆಗಳ ಮರೆಯಲ್ಲಿ ಮಹಡಿಯಿಂದ ಮಹಡಿಗೆ ಹರಿದಿರುತ್ತವೆ. ಹಗಲಿನ ಗದ್ದಲದಲ್ಲಿ ಕೇಳಿಸದ ಸಣ್ಣ ಸದ್ದೊಂದು ರಾತ್ರಿ ದೀಪವಾರಿಸಿದ ಮೇಲೆ ಸ್ಪಷ್ಟವಾಗುತ್ತದೆ: ಟಪ್, ಟಪ್, ಟಪ್.

ಈ ಸದ್ದಿಗೆ ಗೃಹಸ್ಥನು ತೋರುವ ಪ್ರತಿಕ್ರಿಯೆ ಪ್ರಾಯಶಃ ಎಲ್ಲ ಮನೆಗಳಲ್ಲಿಯೂ ಒಂದೇ ಕ್ರಮದಲ್ಲಿ ಸಾಗುತ್ತದೆ. ಮೊದಲು ಉದಾಸೀನ: ‘ಒಂದು ಹನಿ ತಾನೆ!’ ಎರಡನೆಯದು ಬಲಪ್ರಯೋಗ: ನಲ್ಲಿಯ ಕುತ್ತಿಗೆ ಹಿಸುಕಿದಂತೆ ಹಿಡಿಯನ್ನು ಬಿಗಿಯುವುದು. ಮೂರನೆಯದು ಸಂಧಾನ: ಕೆಳಗೊಂದು ಬಕೆಟ್ ಇಡುವುದು, ಸದ್ದಾಗದಿರಲೆಂದು ನಲ್ಲಿಯ ಬಾಯಿಗೆ ಬಟ್ಟೆಯ ಚೂರನ್ನು ಕಟ್ಟುವುದು. ನಾಲ್ಕನೆಯದು ಶರಣಾಗತಿ: ಕೊಳಾಯಿ ಕೆಲಸದವನಿಗೆ ಹೇಳಿಕಳುಹಿಸುವುದು. ಅವನಾದರೋ ದಿನವಿಡೀ ಹೊಸ ಕಟ್ಟಡಗಳಲ್ಲಿ ದುಡಿಯುವವನು. ಒಂದು ವಾಷರನ್ನು ಬದಲಾಯಿಸಲು ನಗರವನ್ನು ದಾಟಿ ಬಂದರೆ ಅವನ ಬಸ್ಸಿನ ಖರ್ಚೂ ಹುಟ್ಟಲಾರದು. ‘ನಾಳೆ ಬರುತ್ತೇನೆ’ ಎನ್ನುತ್ತಾನೆ. ಆ ನಾಳೆ ಬರುವವರೆಗೂ ಹನಿ ಬೀಳುತ್ತಲೇ ಇರುತ್ತದೆ.

ಇವುಗಳಲ್ಲಿ ಎರಡನೆಯ ಉಪಾಯವಂತೂ ರೋಗಕ್ಕಿಂತ ಕೆಟ್ಟ ಚಿಕಿತ್ಸೆ. ಅದೇಕೆಂದು ತಿಳಿಯಲು ನಲ್ಲಿಯ ಒಡಲೊಳಗೆ ಇಣುಕಿ ನೋಡಬೇಕು. ತಿರುಪಿನಿಂದ ಮುಚ್ಚುವ ನಲ್ಲಿಯನ್ನು 1845ರಲ್ಲಿ ಇಂಗ್ಲೆಂಡಿನ ರಾದರ್‌ಹ್ಯಾಮ್ ಪಟ್ಟಣದಲ್ಲಿ ಹಿತ್ತಾಳೆ ಕೆಲಸದ ಕಾರ್ಖಾನೆಯೊಂದು ರೂಪಿಸಿತು. ಇಂದಿಗೂ ಅನೇಕ ಮನೆಗಳ ನಲ್ಲಿಗಳಲ್ಲಿರುವುದು ಅದೇ ತತ್ತ್ವ. ನೀರು ಬರುವ ದಾರಿಯಲ್ಲಿ ದುಂಡನೆಯ ರಂಧ್ರವೊಂದಿದೆ. ಅದರ ಅಂಚಿಗೆ ಪೀಠವೆಂದು ಹೆಸರು. ಹಿಡಿಗೆ ಜೋಡಿಸಿದ ದಂಡವೊಂದು ತಿರುಪಿನಂತೆ ಮೇಲೆ ಕೆಳಗೆ ಚಲಿಸುತ್ತದೆ. ಆ ದಂಡದ ತುದಿಯಲ್ಲಿ ರಬ್ಬರಿನ ಚಿಕ್ಕ ಬಿಲ್ಲೆಯೊಂದು ಕುಳಿತಿದೆ. ಇದೇ ವಾಷರು. ಹಿಡಿಯನ್ನು ಮುಚ್ಚಿದಾಗ ವಾಷರು ಪೀಠವನ್ನು ಒತ್ತಿ ದಾರಿಯನ್ನು ಕಟ್ಟುತ್ತದೆ. ಕೊಳವೆಯೊಳಗಿನ ನೀರಿನ ಒತ್ತಡವನ್ನೆಲ್ಲ ತಡೆದು ನಿಲ್ಲಿಸುವುದು ಕೆಲವೇ ರೂಪಾಯಿಗಳ ಈ ರಬ್ಬರಿನ ಚೂರು!

ವರ್ಷಗಟ್ಟಲೆ ಒತ್ತಿಸಿಕೊಂಡ ರಬ್ಬರು ಕ್ರಮೇಣ ಗಡುಸಾಗುತ್ತದೆ. ಪೀಠದ ಅಂಚು ಅದರ ಮೇಲೆ ಬಳೆಯಾಕಾರದ ಗೀರು ಮೂಡಿಸುತ್ತದೆ. ಕೊಳವೆಬಾವಿಯ ಗಡಸು ನೀರಾದರೆ ಸುಣ್ಣದ ಕಣಗಳು ಪೀಠದ ಮೇಲೆ ಹೆಪ್ಪುಗಟ್ಟಿ ವಾಷರನ್ನು ಇನ್ನಷ್ಟು ಬೇಗ ಸವೆಸುತ್ತವೆ. ಆ ಗೀರಿನ ಸಂದಿನಿಂದ ನೀರು ನುಸುಳುತ್ತದೆ. ಆಗ ಬಲ ಹಾಕಿ ಬಿಗಿದರೆ ಗೀರು ಮತ್ತಷ್ಟು ಆಳವಾಗುತ್ತದೆಯೇ ಹೊರತು ಮುಚ್ಚಿಕೊಳ್ಳುವುದಿಲ್ಲ. ಇಂದು ಬಿಗಿಯಿಂದ ನಿಂತ ಹನಿ ನಾಳೆ ಧಾರೆಯಾಗಿ ಹಿಂದಿರುಗುತ್ತದೆ. ಬಲಪ್ರಯೋಗದಿಂದ ಮುಚ್ಚಿದ ಬಾಯಿ ಎಲ್ಲೆಡೆಯೂ ಹೀಗೆಯೇ ತಾನೆ?

ಇದರ ದುರಸ್ತಿಗೆ ಬೇಕಾದುದು ಬಲವಲ್ಲ, ತಾಳ್ಮೆ ಮತ್ತು ಕ್ರಮ. ಮೊದಲು ಆ ನಲ್ಲಿಗೆ ನೀರು ಬರುವ ಕವಾಟವನ್ನು ಮುಚ್ಚಬೇಕು. ಇದನ್ನು ಮರೆತವನಿಗೆ ಬಟ್ಟೆ ತೊಟ್ಟೇ ಸ್ನಾನವಾಗುತ್ತದೆ. ಬಳಿಕ ನಲ್ಲಿಯನ್ನು ತೆರೆದು ಉಳಿದ ನೀರನ್ನು ಬಸಿಯಬೇಕು. ಕೆಳಗಿನ ತೂಬಿನ ಬಾಯಿಗೆ ಬಟ್ಟೆ ಹಾಸಬೇಕು. ಬಿದ್ದ ತಿರುಪುಮೊಳೆ ಆ ದಾರಿಯಾಗಿ ಹೋದರೆ ಹಿಂದಿರುಗಿ ಬರುವುದಿಲ್ಲ. ನಂತರ ಪಾನಾ ಹಿಡಿದು ಮೇಲ್ಭಾಗವನ್ನು ಬಿಚ್ಚಬೇಕು. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಸಾಲಾಗಿ ಇಟ್ಟರೆ ಮರಳಿ ಜೋಡಿಸುವಾಗ ಅವೇ ಗುರುವಾಗುತ್ತವೆ. ಹಳೆಯ ವಾಷರನ್ನು ಅಂಗಡಿಗೆ ಒಯ್ದು, ಅದೇ ಅಳತೆಯದನ್ನು ತರಬೇಕು. ಪೀಠವನ್ನು ಒರೆಸಿ, ಹೊಸ ವಾಷರನ್ನು ಕೂರಿಸಿ, ಎಲ್ಲವನ್ನೂ ಜೋಡಿಸಿ, ಕವಾಟವನ್ನು ನಿಧಾನವಾಗಿ ತೆರೆದರೆ ಕೆಲಸ ಮುಗಿಯಿತು.

ಎಲ್ಲ ಸೋರಿಕೆಗೂ ಇದೇ ಮದ್ದಲ್ಲ. ನೀರು ನಲ್ಲಿಯ ಬಾಯಿಂದಲ್ಲದೆ ಹಿಡಿಯ ಬುಡದಿಂದ ಒಸರಿದರೆ ದಂಡದ ಸುತ್ತಲಿನ ತಡೆನೂಲು ಅಥವಾ ರಬ್ಬರಿನ ಬಳೆ ಸವೆದಿದೆಯೆಂದು ತಿಳಿಯಬೇಕು. ಕೊಳವೆಯ ಸಂಧಿಯಲ್ಲಿ ಒಸರಿದರೆ ಮರೆಯ ಮೇಲೆ ಟೆಫ್ಲಾನ್ ಪಟ್ಟಿಯನ್ನು ತಿರುಪು ಬಿಗಿಯುವ ದಿಕ್ಕಿನಲ್ಲಿಯೇ ಸುತ್ತಬೇಕು. ವಿರುದ್ಧ ದಿಕ್ಕಿನಲ್ಲಿ ಸುತ್ತಿದ ಪಟ್ಟಿ ಬಿಗಿಯುವಾಗಲೇ ಸುರುಳಿ ಬಿಚ್ಚಿಕೊಳ್ಳುತ್ತದೆ. ಕಾಲು ಸುತ್ತಿಗೇ ತೆರೆಯುವ ಹೊಸ ಮಾದರಿಯ ಅನೇಕ ನಲ್ಲಿಗಳಲ್ಲಿ ವಾಷರಿಗೆ ಬದಲಾಗಿ ಪಿಂಗಾಣಿಯ ಬಿಲ್ಲೆಗಳಿವೆ. ಅವು ಕೆಟ್ಟರೆ ಒಳಗಿನ ಭಾಗವನ್ನು ಇಡಿಯಾಗಿ ಬದಲಾಯಿಸಬೇಕಾಗುತ್ತದೆ.

ಸದ್ದು ಮಾಡುವ ಸೋರಿಕೆಗಿಂತ ಸದ್ದಿಲ್ಲದ ಸೋರಿಕೆ ಹೆಚ್ಚು ಅಪಾಯಕಾರಿ. ಶೌಚಾಲಯದ ನೀರಿನ ತೊಟ್ಟಿಯ ತಳದಲ್ಲಿರುವ ರಬ್ಬರು ಸರಿಯಾಗಿ ಕೂರದಿದ್ದರೆ ನೀರು ಹಗಲಿರುಳೂ ತೆಳ್ಳಗೆ ಜಾರುತ್ತಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುವುದಿಲ್ಲ. ಆ ತೊಟ್ಟಿಗೆ ಅಡುಗೆಯ ಬಣ್ಣವನ್ನು ಸ್ವಲ್ಪ ಬೆರೆಸಿ, ನೀರು ಬಿಡದೆ ಅರ್ಧ ಗಂಟೆ ಕಾದು ನೋಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ: ಕೆಳಗಿನ ಪಾತ್ರೆಯಲ್ಲಿ ಬಣ್ಣ ಕಾಣಿಸಿಕೊಂಡರೆ ಸೋರಿಕೆ ಇದೆಯೆಂದೇ ಅರ್ಥ. ಪ್ರತ್ಯೇಕ ಜಲಮಾಪಕವುಳ್ಳ ಮನೆಯಲ್ಲಿ ರಾತ್ರಿ ಎಲ್ಲ ನಲ್ಲಿಗಳನ್ನೂ ಮುಚ್ಚಿ ಅಂಕಿಯನ್ನು ಬರೆದಿಟ್ಟುಕೊಂಡು, ನೀರು ಬಳಸುವ ಮೊದಲು ಬೆಳಗ್ಗೆ ಮತ್ತೆ ನೋಡುವುದೂ ಒಳ್ಳೆಯ ಪರೀಕ್ಷೆ.

ಗೋಡೆಯೊಳಗೆ ಹುದುಗಿದ ಕೊಳವೆ ಒಡೆದಾಗ ಮಾತ್ರ ವಿಷಯ ಒಂದು ಮನೆಯದಾಗಿ ಉಳಿಯುವುದಿಲ್ಲ. ಮೂರನೆಯ ಮಹಡಿಯ ಸ್ನಾನಗೃಹದಲ್ಲಿ ಒಸರಿದ ನೀರು ಎರಡನೆಯ ಮಹಡಿಯ ಸೂರಿನಲ್ಲಿ ಹಳದಿಯ ಕಲೆಯಾಗಿ ಮೂಡುತ್ತದೆ. ಕೆಳಗಿನವರು ಮೇಲಿನವರ ಬಾಗಿಲು ತಟ್ಟುತ್ತಾರೆ. ಮೇಲಿನವರು ತಮ್ಮ ನೆಲ ಒಣಗಿಯೇ ಇದೆಯೆಂದು ತೋರಿಸುತ್ತಾರೆ. ಇಬ್ಬರ ಮಾತೂ ಸತ್ಯ. ನೀರು ಮಾತ್ರ ಇಬ್ಬರ ನಡುವೆ ತನ್ನ ಕೆಲಸ ಮಾಡುತ್ತಿರುತ್ತದೆ. ಕಲೆ ದೊಡ್ಡದಾದಂತೆ ನೆರೆಹೊರೆಯವರ ನಡುವಿನ ನಮಸ್ಕಾರ ಚಿಕ್ಕದಾಗುತ್ತದೆ. ತೇವವು ಒಳಗಿನ ಕಬ್ಬಿಣದ ಸರಳುಗಳನ್ನು ಮುಟ್ಟಿದರೆ ಅವು ತುಕ್ಕು ಹಿಡಿದು ಹಿಗ್ಗುತ್ತವೆ, ಕಾಂಕ್ರೀಟು ಬಿರಿಯುತ್ತದೆ. ಇಂತಹ ಕೆಲಸಕ್ಕೂ, ವಿದ್ಯುತ್ತಿನ ಗೀಸರಿಗೆ ಸಂಬಂಧಿಸಿದ ಕೆಲಸಕ್ಕೂ ಬಲ್ಲವನನ್ನೇ ಕರೆಯಬೇಕು. ಗೋಡೆಗೆ ಕಿವಿಗೊಟ್ಟು, ಕೈಯಿಂದ ತಡವಿ, ಒಡೆಯಬೇಕಾದ ಒಂದೇ ಹೆಂಚನ್ನು ಗುರುತಿಸುವ ಅನುಭವಿ ಕೆಲಸಗಾರನ ಜಾಣ್ಮೆ ನಾಡಿ ಹಿಡಿದು ರೋಗ ಹೇಳುವ ವೈದ್ಯನ ಜಾಣ್ಮೆಗಿಂತ ಕಡಿಮೆಯದೇನಲ್ಲ.

ಒಂದು ಹನಿಗೆ ಇಷ್ಟೊಂದು ಸಂಭ್ರಮವೇಕೆ ಎಂದು ಕೇಳುವವರುಂಟು. ಅದಕ್ಕೆ ಗಣಿತವೇ ಉತ್ತರ ಕೊಡುತ್ತದೆ. ಕ್ಷಣಕ್ಕೆ ಒಂದು ಹನಿಯಂತೆ ಬಿದ್ದರೆ ದಿನಕ್ಕೆ 86,400 ಹನಿಗಳು. ಔಷಧಿಯ ಹನಿಯಷ್ಟೇ ಚಿಕ್ಕದೆಂದು ಹಿಡಿದು, 20 ಹನಿಗೆ 1 ಮಿಲಿಲೀಟರಿನಂತೆ ಎಣಿಸಿದರೂ ದಿನಕ್ಕೆ 4 ಲೀಟರಿಗೂ ಹೆಚ್ಚು, ವರ್ಷಕ್ಕೆ 1,500 ಲೀಟರಿಗೂ ಹೆಚ್ಚು ನೀರು ವ್ಯರ್ಥ. ಹನಿ ದಪ್ಪವಾದರೆ ಲೆಕ್ಕವೂ ದಪ್ಪವಾಗುತ್ತದೆ. ‘ಹನಿಗೂಡಿದರೆ ಹಳ್ಳ’ ಎಂಬ ಹಿರಿಯರ ಗಾದೆ ಗಳಿಕೆಗೆ ಹೇಗೋ ಹಾಗೆಯೇ ನಷ್ಟಕ್ಕೂ ಅನ್ವಯಿಸುತ್ತದೆ.

ಬೆಂಗಳೂರಿನ ಫ್ಲ್ಯಾಟಿನಲ್ಲಿ ಬೀಳುವ ಹನಿಗೆ ಮತ್ತೊಂದು ಇತಿಹಾಸವಿದೆ. 19ನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದಿಂದಲೂ, 1933ರ ಬಳಿಕ ತಿಪ್ಪಗೊಂಡನಹಳ್ಳಿಯಿಂದಲೂ ಅರ್ಕಾವತಿಯ ನೀರು ಈ ನಗರಕ್ಕೆ ಬಂದಿತು. ನಗರ ಬೆಳೆದಂತೆ ಅದು ಸಾಲದಾಯಿತು. 1974ರಲ್ಲಿ ಕಾವೇರಿಯ ನೀರು ಮೊದಲ ಬಾರಿಗೆ ಬಂದಿತು. ಐದನೆಯ ಹಂತದ ಯೋಜನೆ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಆ ನೀರು ತಾನಾಗಿ ಹರಿದು ಬರುವುದಿಲ್ಲ. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಯಂತ್ರಗಳು ಮೂರು ಬಾರಿ ಎತ್ತಿ ಕಳುಹಿಸಿದಾಗ ಅದು ನಗರವನ್ನು ಮುಟ್ಟುತ್ತದೆ. ಅಲ್ಲಿಂದ ಕಟ್ಟಡದ ಪಂಪು ಮತ್ತೊಮ್ಮೆ ಅದನ್ನು ತಾರಸಿಯ ತೊಟ್ಟಿಗೆ ಏರಿಸುತ್ತದೆ. ಬೆಟ್ಟದಷ್ಟು ಎತ್ತರ ಹತ್ತಿ ಬಂದ ನೀರು ಸವೆದ ರಬ್ಬರಿನ ಚೂರೊಂದರ ದೆಸೆಯಿಂದ ಚರಂಡಿಗೆ ಇಳಿಯುವುದಾದರೆ, ರಾಟೆಯ ಹಗ್ಗ ಹಿಡಿದಿದ್ದ ಅಜ್ಜಿ ಅದನ್ನು ಕ್ಷಮಿಸುತ್ತಿದ್ದಳೆ? 2024ರ ಬೇಸಿಗೆಯಲ್ಲಿ ನೀರಿನ ಅಭಾವ ತೀವ್ರವಾದಾಗ ಜಲಮಂಡಳಿಯು ವಾಹನ ತೊಳೆಯಲು, ಕೈತೋಟಕ್ಕೆ ಕುಡಿಯುವ ನೀರನ್ನು ಬಳಸಿದವರಿಗೆ 5,000 ರೂಪಾಯಿಗಳ ದಂಡ ವಿಧಿಸುವುದಾಗಿ ಆಜ್ಞೆ ಹೊರಡಿಸಬೇಕಾಯಿತು.

ಈ ಹನಿಯನ್ನು ತನ್ನ ಜೀವನದ ಕಾರ್ಯವನ್ನಾಗಿ ಸ್ವೀಕರಿಸಿದ ಲೇಖಕರೊಬ್ಬರಿದ್ದಾರೆ. 1935ರಲ್ಲಿ ಗುಜರಾತಿನಲ್ಲಿ ಹುಟ್ಟಿ, ಮುಂಬಯಿಯಲ್ಲಿ ಬೆಳೆದ ಆಬಿದ್ ಸುರತಿ ಕಾದಂಬರಿಕಾರರು. ‘ಢಬ್ಬೂಜಿ’ ಎಂಬ ವ್ಯಂಗ್ಯಚಿತ್ರದ ಪಾತ್ರವನ್ನು ಸೃಷ್ಟಿಸಿದವರು. ಬಾಲ್ಯದಲ್ಲಿ ತಾಯಿ ನಸುಕಿಗೇ ಎದ್ದು ಒಂದು ಬಕೆಟ್ ನೀರಿಗಾಗಿ ಸಾಲಿನಲ್ಲಿ ನಿಲ್ಲುತ್ತಿದ್ದುದನ್ನು ಅವರು ಕಂಡಿದ್ದರು. ಆದುದರಿಂದ ಗೆಳೆಯರ ಮನೆಯ ಸೋರುವ ನಲ್ಲಿ ಅವರಿಗೆ ಸಹಿಸಲಾಗದ ನೋಟವಾಗಿತ್ತು. ಇಷ್ಟು ಸಣ್ಣ ಕೆಲಸಕ್ಕೆ ಯಾರೂ ಬರುವುದಿಲ್ಲವೆಂಬ ಉತ್ತರ ಕೇಳಿದಾಗ, ತಾವೇ ಏಕೆ ಒಬ್ಬ ಕೆಲಸಗಾರನನ್ನು ಕರೆತರಬಾರದೆಂದು ಯೋಚಿಸಿದರು. ಸಾಹಿತ್ಯಸೇವೆಗಾಗಿ ಬಂದ 1 ಲಕ್ಷ ರೂಪಾಯಿಗಳ ಬಹುಮಾನವನ್ನೇ ಬಂಡವಾಳ ಮಾಡಿಕೊಂಡು 2007ರಲ್ಲಿ, ತಮ್ಮ ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಕಾರ್ಯವನ್ನಾರಂಭಿಸಿದರು. ಮುಂಬಯಿಯ ಉತ್ತರಕ್ಕಿರುವ ಮೀರಾ ರೋಡಿನಲ್ಲಿ ಭಾನುವಾರಗಳಂದು ಒಬ್ಬ ಕೊಳಾಯಿ ಕೆಲಸಗಾರ, ಒಬ್ಬ ಸ್ವಯಂಸೇವಕಿಯೊಡನೆ ಫ್ಲ್ಯಾಟುಗಳ ಬಾಗಿಲು ತಟ್ಟಿದರು. ಸೋರುವ ನಲ್ಲಿಗಳನ್ನು ಉಚಿತವಾಗಿ ಸರಿಪಡಿಸಿದರು. ಮೊದಲ ವರ್ಷದಲ್ಲಿ ಅವರು ಹೋದ ಮನೆಗಳು 1,666. ದುರಸ್ತಿಯಾದ ನಲ್ಲಿಗಳು 414.

ಗಂಗೆಯನ್ನು ಧರೆಗಿಳಿಸಿದ ಭಗೀರಥನ ಕಥೆಯನ್ನು ಮಕ್ಕಳೆಲ್ಲರೂ ಬಲ್ಲರು. ಅಂತಹ ಮಹತ್ಕಾರ್ಯ ಎಲ್ಲರಿಗೂ ಸಾಧ್ಯವಲ್ಲ. ಆದರೆ ಇಳಿದು ಬಂದ ಗಂಗೆಯನ್ನು ಪೋಲಾಗದಂತೆ ಕಾಯುವ ಕೆಲಸಕ್ಕೆ ತಪಸ್ಸು ಬೇಕಾಗಿಲ್ಲ. ಒಂದು ಪಾನಾ, ಒಂದು ವಾಷರು, ಅರ್ಧ ಗಂಟೆಯ ಬಿಡುವು ಸಾಕು. ಕೈಗೆ ಮಸಿಯಾಗುವ ಕೆಲಸವನ್ನು ಕೀಳೆಂದು ಎಣಿಸದ ಮನಸ್ಸಂತೂ ಬೇಕೇ ಬೇಕು. ಸಣ್ಣ ದೋಷವನ್ನು ಸಣ್ಣದಿರುವಾಗಲೇ ಗುರುತಿಸಿ, ಅದರ ಕಾರಣವನ್ನು ಅರಿತು, ತಾಳ್ಮೆಯಿಂದ ಸರಿಪಡಿಸುವ ಅಭ್ಯಾಸವನ್ನು ನಲ್ಲಿಯ ಮುಂದೆ ಕಲಿತವನು ಬಾಳಿನ ಇತರ ಎಡೆಗಳಲ್ಲಿಯೂ ಅದನ್ನು ಮರೆಯಲಾರನು.