ಕೆಂಪು ಪಟ್ಟೆಯ ಹುಲಿ

ಹುಲಿವೇಷ ಅಂದ ತಕ್ಷಣ ಬೆಂಗಳೂರಿನ ಗೆಳೆಯರಿಗೆ ನೆನಪಾಗೋದು ಮಂಗಳೂರಿನ ದಸರಾ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿಯ ನಮ್ಮ ಸೀಮೆಯಲ್ಲಿ ಹುಲಿ ಬರೋದು ಮೊಹರಂಗೆ. ಅಲಾಯಿ ದೇವರು ಕೂತ ಮೇಲೆ ಹಲಗಿ ಸದ್ದು ಶುರುವಾಗುತ್ತದೆ, ಅದರ ಹಿಂದೆ ಹುಲಿಗಳು. ಇವುಗಳಲ್ಲಿ ಬಹಳಷ್ಟು ಹರಕೆಯ ಹುಲಿಗಳು. ಮನೆಯ ಕೂಸು ಜಡ್ಡಿಗೆ ಬಿದ್ದಾಗ ‘ಉಳಿಸಿಕೊಡಪ್ಪ, ಹುಲಿ ಮಾಡಸ್ತೀವಿ’ ಅಂತ ಯಾರೋ ಬೇಡಿಕೊಂಡಿರುತ್ತಾರೆ. ಕೂಸು ಉಳಿಯುತ್ತದೆ, ಹುಲಿಯಾಗುತ್ತದೆ.

ನಮ್ಮ ಮನೆಯಲ್ಲಿ ಹಾಗೆ ಬೇಡಿಕೊಂಡವಳು ಅವ್ವ. 2019ರಲ್ಲಿ ಮಗಳು ದಿನ ತುಂಬುವ ಮೊದಲೇ ಹುಟ್ಟಿ ಎನ್‌ಐಸಿಯುನಲ್ಲಿದ್ದಾಗ ನಾನು ಗಾಜಿನ ಆಚೆ ನಿಂತು ಮಾನಿಟರಿನ ಅಂಕಿ ನೋಡುತ್ತಿದ್ದೆ. ಅವ್ವ ಊರಲ್ಲಿ ಅಲಾಯಿ ದೇವರ ಮಸೂತಿ ಮುಂದೆ ನಿಂತು ಮೂರು ವರ್ಷದ ಹುಲಿ ಹರಕೆ ಹೊತ್ತಿದ್ದಳು. ಆಮೇಲೆ ಕೊರೊನಾ ಬಂತು, ನನ್ನ ಕೆಲಸ ಬದಲಾಯಿತು, ಮಗಳು ಶಾಲೆಗೆ ಸೇರಿದಳು. 2025ರ ಮೊಹರಂ ಜುಲೈ 6ಕ್ಕೆ, ಅದೂ ಭಾನುವಾರ. ಅವ್ವ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: “ಸೂಟಿ ಗೀಟಿ ಅನಬ್ಯಾಡ. ದೇವ್ರು ಕಾದಾನ.”

ಎರಡು ತೊಡಕು ಇದ್ದವು. ದೊಡ್ಡ ಹುಲಿಗಳು ಮೈಗೆಲ್ಲ ಬಣ್ಣ ಬಳಿದುಕೊಳ್ಳುತ್ತವೆ. ನನ್ನ ಮಗಳಿಗೆ ಸೋಪು ಬದಲಾದರೂ ಮೈಮೇಲೆ ಗಂದೆ ಏಳುತ್ತವೆ, ಬಣ್ಣದ ಮಾತೇ ಇಲ್ಲ. ಎರಡನೆಯದು ಅವಳದೇ ಪ್ರಶ್ನೆ. ಅಪಾರ್ಟ್‌ಮೆಂಟಿನ ಗೆಳತಿಗೆ ಊರಿಗೆ ಹೋಗುವ ಕಾರಣ ಹೇಳಿದ್ದಾಳೆ, ಅವಳು ‘ಹಾಗಾದ್ರೆ ನೀವು ಮುಸ್ಲಿಮ್ಮಾ?’ ಅಂದಿದ್ದಾಳೆ. ಹಂಪಿ ಎಕ್ಸ್‌ಪ್ರೆಸ್‌ನ ಮೇಲಿನ ಬರ್ತಿನಿಂದ ತಲೆ ಇಳಿಬಿಟ್ಟು ಮಗಳು ಅದನ್ನೇ ಕೇಳಿದಳು: “ಅಪ್ಪಾ, ಇದು ಯಾರ ಹಬ್ಬ?”

ನನ್ನ ಹತ್ತಿರ ಉದ್ದನೆಯ ಉತ್ತರ ಇತ್ತು. ಕ್ರಿ.ಶ. 680ರಲ್ಲಿ ಕರ್ಬಲಾದ ಮೈದಾನದಲ್ಲಿ ಹುಸೇನರು ಹುತಾತ್ಮರಾದದ್ದು, ಆ ದುಃಖ ನಮ್ಮ ಕಡೆ ರಿವಾಯತ್ ಪದಗಳಾಗಿ ಕನ್ನಡದಲ್ಲೇ ಹರಿದದ್ದು, ಬಿಜಾಪುರದ ಆದಿಲಶಾಹಿ, 1948ರವರೆಗೆ ಈ ಸೀಮೆಯನ್ನು ಆಳಿದ ನಿಜಾಮರು, ಮುಸ್ಲಿಮರ ಒಂದು ಮನೆಯೂ ಇಲ್ಲದ ಊರುಗಳಲ್ಲೂ ಪಂಜಾ ಕೂರಿಸುವ ರೂಢಿ. ಆರು ವರ್ಷದವಳಿಗೆ ಇದರಲ್ಲಿ ಎಷ್ಟು ಹೇಳೋದು? “ಊರಿಗೆ ಹೋಗಿ ಅಜ್ಜೀನ ಕೇಳು” ಅಂದೆ.

ಗುರುವಾರ ಊರು ಸೇರಿದೆವು. ಬಣ್ಣ ಬೇಡವೆಂದರೆ ಬಟ್ಟೆಯ ಹುಲಿಯೇ ಗತಿ. ನನ್ನ ಅಕ್ಕ “ಆನ್‌ಲೈನಲ್ಲಿ ರೆಡಿಮೇಡ್ ಸಿಗ್ತಾವಲ್ಲೋ” ಅಂದಳು. ಅವ್ವ ಒಪ್ಪಲಿಲ್ಲ. “ಹರಕಿ ಅಂದ್ರ ಕೈ ಹಚ್ಚಬೇಕ. ರೊಕ್ಕ ಕೊಟ್ರ ತೀರಂಗಿಲ್ಲ.”

ಮೊದಲು ಮೈಬಣ್ಣ. ಬಿಳಿ ಬನಿಯನ್ನು, ಬಿಳಿ ಪ್ಯಾಂಟು, ಕುದಿಯುವ ನೀರಿಗೆ ಮೂರು ಮುಷ್ಟಿ ಅರಿಶಿಣ. ಮಗಳು ಉದ್ದನೆಯ ಕೋಲು ಹಿಡಿದು ಹಂಡೆ ತಿರುವಿದಳು. ಅರ್ಧ ತಾಸಿಗೆ ಬಟ್ಟೆ ಸೂರ್ಯಕಾಂತಿ ಹೂವಿನ ಬಣ್ಣಕ್ಕೆ ಬಂತು. ಆರಿದ ಮೇಲೆ ಕಪ್ಪು ಪಟ್ಟೆ ಬರೆಯೋದೆಂದು ನಾನು ಬಣ್ಣದ ಡಬ್ಬಿ ತಂದಿಟ್ಟಿದ್ದೆ. ಅಷ್ಟರಲ್ಲಿ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದ ಅವ್ವ ಒಣಗಿತೇ ಎಂದು ಬನಿಯನ್ ಮುಟ್ಟಿ ನೋಡಿದಳು. ಬೆರಳು ತಗಲಿದಲ್ಲಿ ಕೆಂಪು ಕಲೆ!

ಅರಿಶಿಣಕ್ಕೆ ಸುಣ್ಣ ಸೇರಿದರೆ ಕೆಂಪಾಗುತ್ತದೆ, ಕುಂಕುಮ ಮಾಡೋದೂ ಹಾಗೇ. ಮಗಳಿಗೆ ಅದು ಜಾದೂ. ಸುಣ್ಣದ ತಿಳಿ ಮಾಡಿ, ಕಡ್ಡಿ ತುದಿಗೆ ಹತ್ತಿ ಸುತ್ತಿ ಕೊಟ್ಟೆ. ಕಣ್ಣು ಮುಟ್ಟಿಕೊಳ್ಳಬಾರದೆಂದು ಕರಾರು. ಅವಳು ಎಳೆದ ಮೊದಲ ಪಟ್ಟೆ ಸೊಟ್ಟ, ಎರಡನೆಯದು ಅದಕ್ಕೂ ಸೊಟ್ಟ. ಅಳುವ ಮುಖ ಮಾಡಿದಾಗ ಅವ್ವ ಹುಣಸೆಹುಳಿ ಕಿವುಚಿದ ನೀರು ತಂದು ಒಂದು ಹನಿ ಬಿಟ್ಟಳು. ಕೆಂಪು ಹೋಗಿ ಮತ್ತೆ ಹಳದಿ! ಸುಣ್ಣ ಪೆನ್ಸಿಲು, ಹುಣಸೆ ರಬ್ಬರು. ಆಮೇಲೆ ನನ್ನ ಕಪ್ಪು ಬಣ್ಣದ ಡಬ್ಬಿಯನ್ನು ಯಾರೂ ತಿರುಗಿ ನೋಡಲಿಲ್ಲ. “ಹುಲಿ ಪಟ್ಟೆ ಕಪ್ಪು ಇರುತ್ತೆ ಪುಟ್ಟಾ” ಅಂದೆ. “ಅದು ಕಾಡಿನ ಹುಲಿ. ಇದು ದೇವರ ಹುಲಿ” ಅಂತ ಉತ್ತರ ಬಂತು.

ಮುಖವಾಡಕ್ಕೂ ಹುಣಸೆಯೇ. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದಿಂದ ಗೊಂಬೆ ಮಾಡುತ್ತಾರಲ್ಲ, ಜಿಐ ಟ್ಯಾಗ್ ಸಿಕ್ಕಿದ ಗೊಂಬೆಗಳು, ಅವುಗಳ ಕೀಲು ಕೂಡಿಸುವ ಅಂಟು ಹುಣಸೆಬೀಜದ್ದು. ಕಂಬಳಿ ನೇಯುವವರು ಉಣ್ಣೆನೂಲಿಗೆ ಹಾಕೋ ಗಂಜಿಯೂ ಅದರದೇ. ಬೀಜ ಹುರಿದು, ಕುಟ್ಟಿ ಸಿಪ್ಪೆ ತೆಗೆದು, ರಾತ್ರಿಯಿಡೀ ನೆನೆಸಿ, ರುಬ್ಬಿ ಕುದಿಸಿದೆವು. ಬೋಗುಣಿ ಬೋರಲು ಹಾಕಿ, ಮೇಲೆ ಎಣ್ಣೆ ಸವರಿ, ಹಳೇ ಪೇಪರಿನ ಚೂರುಗಳನ್ನು ಅಂಟಿನಲ್ಲಿ ಅದ್ದಿ ಮಗಳು ಪದರದ ಮೇಲೆ ಪದರ ಹಚ್ಚಿದಳು. ಹೊರಗೆ ಆರಿದ್ರಾ ಮಳೆಯ ಮೋಡ, ಬಿಸಿಲಿಲ್ಲ. ಒಲೆಯ ಪಕ್ಕ ಇಟ್ಟು ಒಣಗಿಸಿದೆವು. ಕಣ್ಣು ಬಾಯಿ ಮುಚ್ಚದ ಹಾಗೆ ಹಣೆಯವರೆಗಿನ ಅರ್ಧ ಮುಖವಾಡ. ಮೀಸೆಗೆ ಕಸಬರಿಗೆಯ ಕಡ್ಡಿ.

ಬಾಲಕ್ಕೆ ಏನು ಅಂತ ನಾನು ಹಗ್ಗ ಹುಡುಕುತ್ತಿದ್ದಾಗ ಅವ್ವ ಟ್ರಂಕು ತೆಗೆದು ತನ್ನ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗು ಹರಿದಳು. ಅಕ್ಕ “ಯವ್ವಾ, ಅದು ನಿನ್ನ ಮದಿವಿದಲ್ಲಾ?” ಅಂದಳು. ಅವ್ವ ಮಾತಾಡಲಿಲ್ಲ. ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು, ಒಂದು ತುದಿ ಅವಳ ಕೈಗೆ ಕೊಟ್ಟು, ಮೂರು ಎಳೆ ಮಾಡಿ ಜಡೆ ಹೆಣೆದಳು. ಹೆಣೆಯುತ್ತಲೇ ಮಗಳು ಕೇಳಿದಳು, “ಅಜ್ಜಿ, ಇದು ಯಾರ ಹಬ್ಬ?”

“ನಮ್ಮೂರದು.”

“ನಮ್ಮೂರಲ್ಲಿ ಯಾರದು?”

“ಊರಂದ್ರ ಎಲ್ಲಾರದೂ ಅಲ್ಲೇನವ್ವಾ? ಬಿಗಿ ಹಿಡಿ, ಸಡ್ಲಾಗಾಕತ್ತೈತಿ.”

ಮಗಳು ಬಿಗಿ ಹಿಡಿದಳು. ಮತ್ತೆ ಕೇಳಲಿಲ್ಲ. ನನ್ನ ಉದ್ದನೆಯ ಉತ್ತರ ನನ್ನಲ್ಲೇ ಉಳಿಯಿತು, ಉಳಿದದ್ದು ಒಳ್ಳೆಯದೇ ಆಯಿತು. ಅವಳು ಓದಿ ದೊಡ್ಡವಳಾದಾಗ ಕರ್ಬಲಾ, ನಿಜಾಮ ಎಲ್ಲ ತಿಳಿಯುತ್ತದೆ. ಯಾರದೋ ಹಬ್ಬ ಅಂತ ದೂರ ನಿಂತು ತಿಳಿಯೋದು ಬೇರೆ, ಒಂದು ತುದಿ ಕೈಯಲ್ಲಿ ಹಿಡಿದವಳಿಗೆ ತಿಳಿಯೋದು ಬೇರೆ.

ಭಾನುವಾರ ಓಣಿಯವರೊಬ್ಬರು “ಹೆಣ್ಣುಹುಡುಗಿ ಹುಲಿ ಆಗತೈತೇನಬೇ?” ಎಂದು ಕೇಳಿಯೇಬಿಟ್ಟರು. ಅವ್ವ ಮಗಳ ಕಾಲಿಗೆ ಗೆಜ್ಜೆ ಕಟ್ಟುತ್ತಿದ್ದವಳು ತಲೆ ಎತ್ತದೆ, “ನಾ ಹರಕಿ ಹೊತ್ತಾಗ ದೇವ್ರು ಗಂಡೋ ಹೆಣ್ಣೋ ಅಂತ ಕೇಳ್ಲಿಲ್ಲ” ಅಂದಳು.

ಮಸೂತಿ ಮುಂದೆ ಊದು-ಸಕ್ಕರೆ ಕೊಟ್ಟೆವು. ಮುಲ್ಲಾ ಓದಿಸಿ, ಹುಲಿಯ ಕೊರಳಿಗೆ ಕೆಂಪು ಲಾಡಿ ಹಾಕಿದರು. ಹಲಗಿ ಬಡಿದ ಕೂಡಲೇ ಹುಲಿ ಬೆದರಿ ನನ್ನ ಕಾಲು ತಬ್ಬಿಕೊಂಡಿತು. ಮೈತುಂಬ ಬಣ್ಣ ಬಳಿದ ಆಳೆತ್ತರದ ಹುಲಿಯೊಂದು ಬಂದು ಮಂಡಿಯೂರಿ ಕೂತು, ಬನಿಯನ್ನಿನ ಪಟ್ಟೆ ನೋಡಿ, “ಏ, ಕೆಂಪು ಪಟ್ಟಿ ಎಲ್ಲಿ ಸಿಕ್ಕವು ನಿನಗ?” ಅಂದಿತು.

“ಸುಣ್ಣದಲ್ಲಿ ಮಾಡಿದ್ದು. ನಾನೇ ಮಾಡಿದ್ದು” ಎಂದಳು. ಹೇಳುತ್ತ ಹೇಳುತ್ತ ಕಾಲು ಬಿಟ್ಟಳು. ಆಮೇಲೆ ಎರಡೂ ಹುಲಿ ಸೇರಿ ಕುಣಿದವು. ಹುಟ್ಟಿದಾಗ ಅಂಗೈಯಷ್ಟಿದ್ದ ಪಾದಗಳು ಮಣ್ಣಿನಲ್ಲಿ ಧೂಳೆಬ್ಬಿಸುತ್ತಿದ್ದವು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಮೊಬೈಲು ಜೇಬಿನಿಂದ ತೆಗೆಯಲಿಲ್ಲ.

ಅರಿಶಿಣದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಬೆಂಗಳೂರಿನ ಬಾಲ್ಕನಿಯಲ್ಲಿ ಆ ಬನಿಯನ್ ವಾರಕ್ಕೊಂದು ಚೂರು ಬೆಳ್ಳಗಾಗುತ್ತಿದೆ. ಮಗಳಿಗೆ ಚಿಂತೆಯಿಲ್ಲ, ಹರಕೆ ಇನ್ನೂ ಎರಡು ವರ್ಷ ಬಾಕಿ ಇದೆ. ಚಂದ್ರನ ಲೆಕ್ಕದ ಹಬ್ಬ, ಪ್ರತಿ ವರ್ಷ ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಮುಂದಿನ ಸಲ ಜೂನ್ ಕೊನೆಗೇ ರಜೆ ಹಾಕಬೇಕು. ಬನಿಯನ್ ಒಂದು ಸೈಜು ದೊಡ್ಡದು ಬೇಕು.