ಹಿತ್ತಿಲ ಬಾಗಿಲು

ಇತಿಹಾಸವನ್ನು ನಾವು ಸಾಮಾನ್ಯವಾಗಿ ಪುಸ್ತಕಗಳ ಮೂಲಕ ತಿಳಿಯುತ್ತೇವೆ. ಇಂಥ ಇಸವಿಯಲ್ಲಿ ಇಂಥ ಅರಸನು ಪಟ್ಟವೇರಿದನು, ಇಂಥ ಇಸವಿಯಲ್ಲಿ ಇಂಥ ಯುದ್ಧ ನಡೆಯಿತು ಎಂದು ಬಾಯಿಪಾಠ ಮಾಡುತ್ತೇವೆ. ಪರೀಕ್ಷೆ ಮುಗಿದೊಡನೆ ಮರೆಯುತ್ತೇವೆ. ಆದರೆ ಗತಕಾಲವು ಪುಸ್ತಕದಲ್ಲಿ ಮಾತ್ರವೇ ಇರುವುದಲ್ಲ. ಸವೆದ ಹೊಸ್ತಿಲಿನಲ್ಲಿ, ಹೊಗೆ ಹಿಡಿದ ಅಡುಗೆಮನೆಯ ತೊಲೆಯಲ್ಲಿ, ಹಳೆಯ ಉಡುಪಿನ ನೆರಿಗೆಯಲ್ಲಿ ಅದು ಅಡಗಿ ಕುಳಿತಿರುತ್ತದೆ. ಅದನ್ನು ಕಣ್ಣಾರೆ ಕಾಣಬೇಕು, ಕೈಯಾರೆ ಮುಟ್ಟಬೇಕು ಎಂಬ ಹಂಬಲ ಎಲ್ಲ ದೇಶದ ಜನರಲ್ಲಿಯೂ ಉಂಟು. ಕೆಲವು ವರ್ಷಗಳ ಹಿಂದೆ ಅಮೆರಿಕಾದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಈ ಹಂಬಲವನ್ನು ತಣಿಸುವ ಎರಡು ಸ್ಥಳಗಳನ್ನು ಒಂದೇ ವಾರದಲ್ಲಿ ನೋಡುವ ಅವಕಾಶ ನನಗೆ ಒದಗಿತು.

ಮೊದಲು ನೋಡಿದ್ದು ಒಂದು ಜಾತ್ರೆ. ಮೇರಿಲೆಂಡ್ ರಾಜ್ಯದ ಕ್ರೌನ್ಸ್‌ವಿಲ್ ಎಂಬಲ್ಲಿ ಪ್ರತಿವರ್ಷ ಆಗಸ್ಟ್ ತಿಂಗಳ ಕೊನೆಯಿಂದ ಅಕ್ಟೋಬರ್‌ವರೆಗೆ ವಾರದ ಕೊನೆಯ ದಿನಗಳಲ್ಲಿ ಅದು ನಡೆಯುತ್ತದೆ. ಯೂರೋಪಿನ ಪುನರುಜ್ಜೀವನ ಕಾಲವನ್ನು ಆಟದಂತೆ ಮರಳಿ ತರುವುದು ಅದರ ಉದ್ದೇಶ. ಅದಕ್ಕೆ 'ರಿನೈಸಾನ್ಸ್ ಜಾತ್ರೆ' ಎಂದು ಹೆಸರು. ಇಂಥ ಜಾತ್ರೆಗಳ ಪದ್ಧತಿ ಅಮೆರಿಕಾದಲ್ಲಿ 1963ರಲ್ಲಿ ಲಾಸ್ ಏಂಜಲೀಸ್ ನಗರದ ಬಳಿ ಆರಂಭವಾಯಿತು. ಅದನ್ನು ಮೊದಲು ಕಲ್ಪಿಸಿದವರು ಶಾಲಾ ಉಪಾಧ್ಯಾಯಿನಿಯಾಗಿದ್ದ ಫಿಲ್ಲಿಸ್ ಪ್ಯಾಟರ್ಸನ್ ಮತ್ತು ಅವರ ಪತಿ ರಾನ್ ಪ್ಯಾಟರ್ಸನ್. ಮೇರಿಲೆಂಡಿನ ಜಾತ್ರೆ 1977ರಿಂದ ನಡೆದುಬಂದಿದೆ.

ಕಾಡಿನ ನಡುವೆ ಹದಿನಾರನೆಯ ಶತಮಾನದ ಇಂಗ್ಲೆಂಡಿನ ಒಂದು ಹಳ್ಳಿಯನ್ನೇ ಅಲ್ಲಿ ಕಟ್ಟಿದ್ದಾರೆ. ಆ ಹಳ್ಳಿಗೆ ಅರಸನಾದ ಎಂಟನೆಯ ಹೆನ್ರಿ ಸಪರಿವಾರನಾಗಿ ಬಿಜಯಮಾಡಿಸುತ್ತಾನೆ. ಜರತಾರಿಯ ನಿಲುವಂಗಿ ತೊಟ್ಟ ಆ 'ಅರಸ'ನನ್ನು ಕಂಡು ಜನರು ತಲೆಬಾಗುತ್ತಾರೆ. ಕವಚಧಾರಿಗಳು ಕುದುರೆಯೇರಿ, ನೀಳವಾದ ಭರ್ಜಿ ಹಿಡಿದು, ಎದುರುಬದುರಾಗಿ ಧಾವಿಸುತ್ತಾರೆ. ಕಮ್ಮಾರನು ಕುಲುಮೆಯ ಮುಂದೆ ಕಾದ ಕಬ್ಬಿಣವನ್ನು ಬಡಿಯುತ್ತಾನೆ. ನೋಡಲು ಬಂದವರಲ್ಲಿಯೂ ಅನೇಕರು ಅಂದಿನ ಉಡುಪನ್ನೇ ತೊಟ್ಟು, ಅಂದಿನ ಇಂಗ್ಲಿಷಿನ ಧಾಟಿಯಲ್ಲಿ ಮಾತನಾಡುತ್ತಾರೆ. ನನ್ನ ಮೊಮ್ಮಗಳೂ ಬಾಡಿಗೆಗೆ ಒಂದು ನಿಲುವಂಗಿಯನ್ನು ತೊಟ್ಟು, ತಲೆಗೆ ಹೂವಿನ ಕಿರೀಟವನ್ನಿಟ್ಟು, ಅರಸುಕುಮಾರಿಯಂತೆ ನಡೆದಳು. ಹೆನ್ರಿ ಪಟ್ಟವೇರಿದ್ದು 1509ರಲ್ಲಿ. ಅದೇ ವರ್ಷ ನಮ್ಮ ವಿಜಯನಗರದಲ್ಲಿ ಕೃಷ್ಣದೇವರಾಯನೂ ಪಟ್ಟವೇರಿದನೆಂದು ಅವಳಿಗೆ ಹೇಳಿದೆ. ಅವಳ ಕಣ್ಣು ಅರಳಿತು. ಬರಿಯ ಅಂಕಿಯಾಗಿದ್ದ ಇಸವಿ ಅವಳ ಪಾಲಿಗೆ ಆ ಕ್ಷಣದಲ್ಲಿ ಜೀವ ತಳೆಯಿತು.

ಅದು ಪೂರ್ಣ ಸತ್ಯವಾದ ಇತಿಹಾಸವೆಂದು ಯಾರೂ ಭ್ರಮಿಸಬೇಕಾಗಿಲ್ಲ. ಹೆನ್ರಿಯ ಕಾಲದ ಇಂಗ್ಲೆಂಡಿಗೆ ಆಲೂಗಡ್ಡೆ ಇನ್ನೂ ಬಂದಿರಲಿಲ್ಲ. ಆದರೆ ಆ ಹಳ್ಳಿಯಲ್ಲಿ ಕರಿದ ಆಲೂಗಡ್ಡೆಯನ್ನು ನಾವು ಸವಿದೆವು. ಆಟದಲ್ಲಿ ಇಷ್ಟು ಸ್ವಾತಂತ್ರ್ಯ ಸಲ್ಲುತ್ತದೆ. ಹಿಂದಿರುಗುವಾಗ ಮಾತ್ರ ಮೊಮ್ಮಗಳು ಯೋಚಿಸುತ್ತಾ ಕೇಳಿದಳು: "ತಾತ, ಜಾತ್ರೆಗೆ ಬಂದವರಲ್ಲಿ ಬಹಳ ಜನ ರಾಣಿಯರು, ಸರದಾರರು. ಹಾಗಾದರೆ ಆ ಕಾಲದಲ್ಲಿ ಇವರ ಪಾತ್ರೆಗಳನ್ನೆಲ್ಲ ತೊಳೆಯುತ್ತಿದ್ದವರು ಯಾರು?"

ನಾನು ನಕ್ಕು ಸುಮ್ಮನಾದೆ. ಉತ್ತರ ದೊರೆತದ್ದು ನಾಲ್ಕು ದಿನಗಳ ಅನಂತರ, ಮೌಂಟ್ ವರ್ನನ್‌ನಲ್ಲಿ.

ಮೌಂಟ್ ವರ್ನನ್ ಅಮೆರಿಕಾದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್‌ನ ಮನೆ. ವರ್ಜೀನಿಯಾ ರಾಜ್ಯದಲ್ಲಿ, ಪೊಟೋಮ್ಯಾಕ್ ನದಿಯ ದಂಡೆಯ ಮೇಲೆ ಅದು ನಿಂತಿದೆ. ದೂರದಿಂದ ಕಲ್ಲಿನ ಕಟ್ಟಡದಂತೆ ತೋರುತ್ತದೆ. ಹತ್ತಿರ ಹೋಗಿ ನೋಡಿದರೆ ಮರದ ಹಲಗೆಗಳು. ಹಲಗೆಗಳ ಮೇಲಿನ ಹಸಿ ಬಣ್ಣಕ್ಕೆ ಮರಳನ್ನು ಎರಚಿ ಕಲ್ಲಿನ ರೂಪವನ್ನು ತಂದಿದ್ದಾರೆ. ಒಳಗಿನ ನಡುಮನೆಯಲ್ಲಿ ಒಂದು ದೊಡ್ಡ ಕಬ್ಬಿಣದ ಬೀಗದ ಕೈ ತೂಗುತ್ತಿದೆ. ಅದು 1789ರಲ್ಲಿ ಪ್ಯಾರಿಸಿನ ಜನರು ಮುತ್ತಿ ಕೆಡವಿದ ಬಾಸ್ಟೀಲ್ ಸೆರೆಮನೆಯದು. ಫ್ರಾನ್ಸಿನ ಲಾಫಾಯೆಟ್ ತನ್ನ ಗೆಳೆಯನಿಗೆ ಕಳುಹಿದ ಕಾಣಿಕೆ. ಮಾಳಿಗೆಯ ಕೋಣೆಯಲ್ಲಿ ವಾಷಿಂಗ್ಟನ್ 1799ರ ಡಿಸೆಂಬರ್ 14ರಂದು ಕೊನೆಯುಸಿರೆಳೆದ ಮಂಚವಿದೆ.

ಈ ಮನೆ ಉಳಿದುಬಂದ ಕಥೆಯೂ ಹೃದ್ಯವಾದುದು. 1853ರಲ್ಲಿ ಹಡಗಿನಲ್ಲಿ ಹೋಗುತ್ತಿದ್ದ ಒಬ್ಬ ತಾಯಿ, ಪಾಳುಬೀಳುತ್ತಿದ್ದ ಈ ಮನೆಯನ್ನು ಕಂಡು ಮರುಗಿ ಮಗಳಿಗೆ ಪತ್ರ ಬರೆದಳು. ಆ ಮಗಳು ಆನ್ ಪಮೇಲಾ ಕನಿಂಗ್‌ಹ್ಯಾಮ್. ಅವಳು ಮಹಿಳೆಯರ ಸಂಘವೊಂದನ್ನು ಕಟ್ಟಿ, ಊರೂರಿನಿಂದ ಚಂದಾ ಕೂಡಿಸಿದಳು. 1858ರಲ್ಲಿ ಆ ಸಂಘ 2,00,000 ಡಾಲರುಗಳಿಗೆ ಮನೆಯನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಇಂದಿಗೂ ಅದನ್ನು ನೋಡಿಕೊಳ್ಳುತ್ತಿರುವುದು ಅದೇ ಸಂಘವೇ.

ಇದನ್ನು ಕೇಳಿದಾಗ ನನ್ನ ಮನಸ್ಸು ಹಾಸನದ ಕಡೆಯ ನನ್ನ ಹಳ್ಳಿಗೆ ಹಾರಿತು. ಅಲ್ಲಿ ನಮ್ಮದೊಂದು ತೊಟ್ಟಿಮನೆಯಿತ್ತು. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ಸುತ್ತಲೂ ಹಲಸಿನ ಮರದ ಕಂಬಗಳು. ಮಳೆಗಾಲದಲ್ಲಿ ನಾಲ್ಕೂ ಸೂರಿನ ನೀರು ತೊಟ್ಟಿಗೆ ಸುರಿಯುವುದನ್ನು ಜಗಲಿಯ ಮೇಲೆ ಕುಳಿತು ನೋಡುತ್ತಿದ್ದೆವು. ದಾಯಾದಿಗಳು ಹಂಚಿಕೊಂಡಾಗ ಯಾರಿಗೂ ಆ ಮನೆ ಬೇಡವಾಯಿತು. ಕಂಬಗಳನ್ನೂ ಕೆತ್ತನೆಯ ಬಾಗಿಲನ್ನೂ ವ್ಯಾಪಾರಿಯೊಬ್ಬನಿಗೆ ಮಾರಿದೆವು. ಆ ಕಾಗದಕ್ಕೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ಹೀಗೆ ಹಳಹಳಿಸುತ್ತಾ ಮನೆಯ ಹಿಂದಿನ ಹೊಲಗಳ ಕಡೆಗೆ ಇಳಿದೆವು. ಅಲ್ಲಿ ಮರದ ದಿಮ್ಮಿಗಳನ್ನು ಜೋಡಿಸಿ, ಸಂದುಗಳಿಗೆ ಮಣ್ಣು ಮೆತ್ತಿದ ಒಂದೇ ಕೋಣೆಯ ಗುಡಿಸಲು ಇತ್ತು. ವಾಷಿಂಗ್ಟನ್‌ನ ಕಾಲದ ಗುಲಾಮರು ಬಾಳುತ್ತಿದ್ದ ಗುಡಿಸಲುಗಳ ಮಾದರಿಯಲ್ಲಿ ಅದನ್ನು ಈಚೆಗೆ ಕಟ್ಟಿದ್ದಾರೆ. ಅವನು ಸತ್ತ ವರ್ಷ ಆ ಜಮೀನಿನಲ್ಲಿ 317 ಮಂದಿ ಗುಲಾಮರಿದ್ದರು. ಅವರಲ್ಲಿ ತನ್ನ ಸ್ವಂತಕ್ಕೆ ಸೇರಿದ್ದ 123 ಮಂದಿಗೆ ಅವನು ಮರಣಪತ್ರದ ಮೂಲಕ ಬಿಡುಗಡೆಯನ್ನು ಬರೆದಿಟ್ಟನು. ಉಳಿದವರಿಗೆ ಆ ಭಾಗ್ಯವಿರಲಿಲ್ಲ. ಸ್ವಾತಂತ್ರ್ಯದ ಗುರುತಾದ ಬಾಸ್ಟೀಲಿನ ಬೀಗದ ಕೈ ನಡುಮನೆಯಲ್ಲಿ ತೂಗುತ್ತಿದ್ದಾಗ, ಅದರ ಕೆಳಗೆ ನೆಲ ಗುಡಿಸುತ್ತಿದ್ದವರು ಸ್ವತಂತ್ರರಲ್ಲದವರು! ಅವರ ಸಮಾಧಿಗಳ ಮೇಲೆ ಹೆಸರಿಲ್ಲ. ಆದರೆ ವಾಷಿಂಗ್ಟನ್ 1799ರಲ್ಲಿ ಬರೆದಿಟ್ಟ ಪಟ್ಟಿಯೊಂದರಲ್ಲಿ ಅವರ ಹೆಸರುಗಳೂ ಕಸುಬುಗಳೂ ಉಳಿದಿವೆ. ಲೆಕ್ಕಕ್ಕಾಗಿ ಬರೆದ ಪಟ್ಟಿ ಇಂದು ಅವರ ಸ್ಮಾರಕವಾಗಿದೆ.

ಮೊಮ್ಮಗಳು ಗುಡಿಸಲಿನೊಳಗೆ ಇಣುಕಿ, "ತಾತ, ಪಾತ್ರೆ ತೊಳೆಯುತ್ತಿದ್ದವರು ಇವರೇ ಅಲ್ಲವೇ?" ಎಂದಳು. ಮತ್ತೆ, "ನಿಮ್ಮ ತೊಟ್ಟಿಮನೆಯಲ್ಲಿ ಯಾರು ತೊಳೆಯುತ್ತಿದ್ದರು?" ಎಂದು ಕೇಳಿದಳು.

ನನಗೆ ಥಟ್ಟನೆ ನೆನಪಾದದ್ದು ನಮ್ಮ ಹಿತ್ತಿಲ ಬಾಗಿಲು. ಆ ಬಾಗಿಲಿನಿಂದಾಚೆ, ಕೊಟ್ಟಿಗೆಯ ಪಕ್ಕದಲ್ಲಿ ಒಬ್ಬ ಮುದುಕ ಬಂದು ನಿಲ್ಲುತ್ತಿದ್ದ. ನಮ್ಮ ಗದ್ದೆಯನ್ನು ಉತ್ತವನು ಅವನು. ಆ ಕಂಬಗಳ ಮರವನ್ನು ಕಾಡಿನಿಂದ ಎಳೆದು ತಂದವರು ಅವನ ಹಿರಿಯರು. ಆದರೆ ಅವನು ಹೊಸ್ತಿಲು ದಾಟುವಂತಿರಲಿಲ್ಲ. ನನ್ನ ಅಜ್ಜಿ ಅವನ ಬೊಗಸೆಗೆ ಮೇಲಿನಿಂದ ನೀರು ಹಾಕುತ್ತಿದ್ದಳು. ಅವನನ್ನು ಸಂತೆಯಲ್ಲಿ ಯಾರೂ ಮಾರಿರಲಿಲ್ಲ. ಅಲ್ಲಿಯ ಗುಲಾಮಗಿರಿಯೂ ಇಲ್ಲಿಯ ಅಸ್ಪೃಶ್ಯತೆಯೂ ಒಂದೇ ಎಂದು ನಾನು ಹೇಳಲಾರೆ. ಆದರೂ ಇಷ್ಟು ವರ್ಷ ನಾನು ತೊಟ್ಟಿಯ ಮಳೆಯನ್ನು ನೆನೆದಾಗಲೆಲ್ಲ ಆ ಬೊಗಸೆಯ ನೀರನ್ನು ಮರೆತಿದ್ದೆನಲ್ಲ! ನನ್ನ ನೆನಪಿನ ಮನೆಗೆ ಮುಂಬಾಗಿಲು ಮಾತ್ರವೇ ಇತ್ತು.

ಊರಿಗೆ ಹಿಂದಿರುಗಿದ ಮೇಲೆ ತಂದೆಯವರ ಹಳೆಯ ಲೆಕ್ಕದ ಪುಸ್ತಕವನ್ನು ತೆಗೆದು ನೋಡಿದೆ. ಎತ್ತುಗಳ ಹೆಸರುಗಳಿದ್ದವು. ಅವನ ವಿಷಯದಲ್ಲಿ ಮಾತ್ರ "ಆಳಿಗೆ ಭತ್ತ" ಎಂದಷ್ಟೇ ಇತ್ತು. ಅವನ ಹೆಸರು ನನಗೂ ತಿಳಿದಿರಲಿಲ್ಲ. ಮರುದಿನ ಹಳ್ಳಿಗೆ ಹೋದೆ. ಮನೆಯಿದ್ದ ಜಾಗದಲ್ಲಿ ಲಂಟಾನದ ಪೊದೆ ಬೆಳೆದಿತ್ತು. ಮುದುಕನ ಮೊಮ್ಮಗ ಅದೇ ಊರಿನಲ್ಲಿ ಉಪಾಧ್ಯಾಯರಾಗಿದ್ದಾರೆ. ಅವರು ನನ್ನನ್ನು ತಮ್ಮ ಮನೆಯ ಮುಂಬಾಗಿಲಿನಿಂದ ಒಳಗೆ ಕರೆದು, ಕುರ್ಚಿಯ ಮೇಲೆ ಕುಳ್ಳಿರಿಸಿ, ಕುಡಿಯಲು ನೀರು ಕೊಟ್ಟರು. ಲೋಟವನ್ನು ಹಿಡಿದಾಗ ನನ್ನ ಕೈ ನಡುಗಿತು. ಅವರ ಅಜ್ಜನ ಹೆಸರನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಇಷ್ಟು ದಿನಕ್ಕೆ ಕೇಳಿದಿರಲ್ಲ ಸ್ವಾಮಿ," ಎಂದು ಹೇಳಿ, ಹೆಸರನ್ನು ತಿಳಿಸಿದರು. ಅಂದು ಸಂಜೆಯೇ ಲೆಕ್ಕದ ಪುಸ್ತಕದ ಆ ಪುಟದ ಅಂಚಿನಲ್ಲಿ ಅದನ್ನು ಬರೆದೆ.

ಹಳೆಯ ಜಾತ್ರೆಗಳಿಗೆ ಹೋಗಿ, ಕಿರೀಟವನ್ನಿಟ್ಟು ನಲಿಯಿರಿ. ಅದರಿಂದ ಗತಕಾಲದ ಮೇಲೆ ಪ್ರೀತಿ ಹುಟ್ಟುತ್ತದೆ. ಹಳೆಯ ಮನೆಗಳನ್ನೂ ನೋಡಿ, ಸಾಧ್ಯವಾದರೆ ಉಳಿಸಿಕೊಳ್ಳಿ. ಆದರೆ ನಡುಮನೆಯನ್ನು ನೋಡಿ ಹಿಂದಿರುಗಬೇಡಿ. ಹಿತ್ತಿಲ ಬಾಗಿಲನ್ನು ತೆರೆದು, ಅಲ್ಲಿ ನಿಂತಿದ್ದವರು ಯಾರೆಂದು ಕೇಳಿ. ಆ ಮನೆ ಅವರದೂ ಹೌದು.